ಹ್ಯಾಚ್ ತೆರೆದಿತ್ತು, ಏಣಿಯ ಗೂಡು ತೆರೆದಿರಲಿಲ್ಲ

ಗದಗ ಜಿಲ್ಲೆಯ ನಿವೃತ್ತ ಶಾಲಾ ಮಾಸ್ತರರೊಬ್ಬರ ಪತ್ರದ ಸಾರ: "ಕಳೆದ ಸಂಚಿಕೆಯ ಹಡಗಿನ ಲೇಖನದಲ್ಲಿ 'ಹ್ಯಾಚ್ (ಸರಕಿನ ಕೋಣೆಯ ದೊಡ್ಡ ಬಾಯಿ) ಮುಚ್ಚಳ ಸರಿಸಿದ ಮೇಲೆ ಒಳಗೆಲ್ಲ ಗಾಳಿಯಾಡುತ್ತದೆ, ಕೆಲಸಗಾರರು ಏಣಿ ಹಿಡಿದು ಇಳಿಯುತ್ತಾರೆ' ಎಂದು ಬರೆದಿದ್ದೀರಿ. ನನ್ನ ಸೋದರಳಿಯ ಕಲ್ಲಿದ್ದಲು ಸಾಗಿಸುವ ಹಡಗಿನಲ್ಲಿ ಡೆಕ್ ಕೆಡೆಟ್, ಅಂದರೆ ಅಧಿಕಾರಿಯಾಗಲು ತರಬೇತಿ ಪಡೆಯುತ್ತಿರುವವನು. ಫೋನಿನಲ್ಲಿ ಅವನಿಗೆ ಓದಿ ಹೇಳಿದೆ. 'ಮಾಮಾ, ಇದನ್ನ ನಂಬಿ ಇಳಿದವರು ಮ್ಯಾಲ ಬರೂದಿಲ್ಲ' ಅಂದ. ಮೇಲೆ ಆಕಾಶವೇ ಕಾಣುವಾಗ ಒಳಗೆ ಗಾಳಿ ಇಲ್ಲ ಎಂದರೇನು? ನಿಮ್ಮ ಪತ್ರಿಕೆ ಸರಿಯೋ, ನನ್ನ ಅಳಿಯ ಸರಿಯೋ? ಇನ್ನೊಂದು, ಹಡಗು ಹತ್ತುವ ಏಣಿಯ ಹತ್ತಿರ ಹೊಗೆಯ ಕಾಟ ಬಹಳ ಅಂತಾನೆ. ಅದರಿಂದ ಅಪಾಯವಿಲ್ಲವೇ?"

ಮಾಸ್ತರರೇ,

ನಿಮ್ಮ ಅಳಿಯನೇ ಸರಿ. ತಪ್ಪು ಲೇಖಕರದ್ದೂ ಅಲ್ಲ, ನನ್ನದು. ಅವರು ಕಳಿಸಿದ ಪ್ರತಿಯಲ್ಲಿ "ಒಳಗಿನ ಗಾಳಿಯನ್ನು ಅಳೆದು ನೋಡಿದ ಬಳಿಕ" ಎಂಬ ಮಾತಿತ್ತು. ಸಾಲು ಉದ್ದವಾಯಿತೆಂದು ಅದನ್ನು ಕತ್ತರಿಸಿದವನು ನಾನೇ. ಓದಲು ಹಗುರವಾಯಿತೆಂದು ಖುಷಿಯನ್ನೂ ಪಟ್ಟಿದ್ದೆ. ಆದ್ದರಿಂದ ಈ ಉತ್ತರವನ್ನು ಲೇಖಕರಿಗೆ ದಾಟಿಸದೆ ನಾನೇ ಬರೆಯುತ್ತಿದ್ದೇನೆ.

ನಿಮ್ಮ ಪ್ರಶ್ನೆಯ ಗಂಟು ಇರುವುದು "ಒಳಗೆ" ಎಂಬ ಪದದಲ್ಲಿ. ಹಡಗಿನ ಹೋಲ್ಡ್, ಅಂದರೆ ಸರಕು ತುಂಬುವ ದೊಡ್ಡ ಕೋಣೆ, ಒಂದು ಒಳಗು. ಅದಕ್ಕೆ ಇಳಿಯುವ ಏಣಿ ಹಲವು ಹಡಗುಗಳಲ್ಲಿ ಇನ್ನೊಂದೇ ಒಳಗು. ಹೋಲ್ಡಿನ ಒಂದು ತುದಿಯಲ್ಲಿ ನೇರ ಏಣಿ ಇದ್ದರೆ ಇನ್ನೊಂದು ತುದಿಯಲ್ಲಿ ನಡುನಡುವೆ ಕಟ್ಟೆಗಳಿರುವ ಓರೆ ಏಣಿ ಇರುತ್ತದೆ. ಇದಕ್ಕೆ ಹಡಗಿನವರು 'ಆಸ್ಟ್ರೇಲಿಯನ್ ಲ್ಯಾಡರ್' ಎನ್ನುತ್ತಾರೆ. ಸರಕು ಸುರಿಯುವಾಗ, ಸರಕು ಬಾಚುವ ಕ್ರೇನಿನ ಗ್ರ್ಯಾಬ್ ಬಂದು ಬಡಿದಾಗ ಏಣಿ ನಜ್ಜುಗುಜ್ಜಾಗದಿರಲಿ ಎಂದು ಹಲವೆಡೆ ಅದರ ಸುತ್ತ ಉಕ್ಕಿನ ಗೂಡು ಕಟ್ಟಿರುತ್ತಾರೆ. ಡೆಕ್ಕಿನ ಮೇಲೆ ಆ ಗೂಡಿಗೆ ಒಬ್ಬ ಮನುಷ್ಯ ತೂರುವಷ್ಟೇ ಅಗಲದ ಪುಟ್ಟ ಮುಚ್ಚಳ. ಕೆಳಗೆ ಹೋಲ್ಡಿನ ಕಡೆಗೆ ಕೆಲವು ಕಿಂಡಿಗಳು.

ದೊಡ್ಡ ಹ್ಯಾಚ್ ಸರಿಸಿದರೆ ಹೋಲ್ಡಿನ ಮೇಲ್ಭಾಗಕ್ಕೆ ಗಾಳಿ ಬರುವುದು ನಿಜ. ಆದರೆ ಕಲ್ಲಿದ್ದಲು ಗೂಡಿನ ಕಿಂಡಿಗಳಿಗೆ ಒತ್ತಿಕೊಂಡು ಕೂತಿರುತ್ತದೆ. ಕೆಳಗೆ ದಾರಿ ಬಂದ್, ಮೇಲೆ ಮುಚ್ಚಳ ಬಂದ್. ವಾರಗಟ್ಟಲೆ ಸಮುದ್ರದಲ್ಲಿ ನಿಂತ ಗಾಳಿ ಅಲ್ಲೇ ಹಾಗೇ ನಿಂತಿರುತ್ತದೆ. ಹತ್ತು ಹೆಜ್ಜೆ ಆಚೆ ಹೋಲ್ಡಿನ ಮೇಲೆ ಬಿಸಿಲು ಬಿದ್ದಿದೆ, ಕ್ರೇನು ಓಡಾಡುತ್ತಿದೆ. ಅದನ್ನು ನೋಡುತ್ತಲೇ ಮನುಷ್ಯ ಗೂಡಿನ ಮುಚ್ಚಳ ಎತ್ತಿ ಇಳಿಯುತ್ತಾನೆ. ಪಣಂಬೂರಿನ ನವಮಂಗಳೂರು ಬಂದರಿನ ಧಕ್ಕೆಯಲ್ಲಿ ಕಲ್ಲಿದ್ದಲು ಇಳಿಸುವುದನ್ನು ದೂರದಿಂದ ನೋಡಿದವರಿಗೂ ಕಾಣುವುದು ಆ ದೊಡ್ಡ ಹ್ಯಾಚ್ ಮಾತ್ರ. ನನಗೂ ಅಷ್ಟೇ ಕಂಡಿದ್ದು.

ಆ ಗಾಳಿಯನ್ನು ಕೆಡಿಸುವುದು ಯಾರು ಎಂದರೆ, ಸರಕೇ. ಕಲ್ಲಿದ್ದಲು ಸುಮ್ಮನೆ ಬಿದ್ದಿದ್ದರೂ ಆಮ್ಲಜನಕವನ್ನು ಹೀರಿಕೊಂಡು ಒಳಗೊಳಗೇ ಬಿಸಿಯಾಗುತ್ತದೆ. ಜೊತೆಗೆ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಕೆಲವು ಬಗೆಯ ಕಲ್ಲಿದ್ದಲು ಮೀಥೇನನ್ನೂ ಬಿಡುತ್ತದೆ. ಮರದ ದಿಮ್ಮಿ, ಸೀಳಿದ ಹಲಗೆ, ಮರದ ಪುಡಿಯ ಉಂಡೆ ಇವೂ ಹಾಗೆಯೇ, ಕಡಿದ ಮೇಲೂ ಉಸಿರಾಡುತ್ತಿವೆಯೇನೋ ಎಂಬಂತೆ. ಕಬ್ಬಿಣದ ಚೂರು ತುಂಬಿದ್ದರೆ ತುಕ್ಕು ಹಿಡಿಯುವ ಕೆಲಸಕ್ಕೇ ಆಮ್ಲಜನಕ ಖರ್ಚಾಗುತ್ತದೆ. ಧಾನ್ಯದ ಹಡಗಿನಲ್ಲಿ ಹುಳು ಸಾಯಿಸಲು ಹಾಕಿದ ಗುಳಿಗೆಯಿಂದ ಹೊರಡುವ ಫಾಸ್ಫೀನ್ ಅನಿಲದ ಕಾಟ ಬೇರೆ.

ಸರಕೇ ಬೇಕೆಂದಿಲ್ಲ. 2007ರ ಸೆಪ್ಟೆಂಬರ್‌ನಲ್ಲಿ ಉತ್ತರ ಸಮುದ್ರದಲ್ಲಿದ್ದ 'ವೈಕಿಂಗ್ ಐಲೆ' ಎಂಬ ನೌಕೆಯಲ್ಲಿ ಲಂಗರಿನ ಸರಪಳಿ ಗಡಗಡ ಸದ್ದು ಮಾಡುತ್ತಿತ್ತೆಂದು ಅದನ್ನು ಬಿಗಿಯಲು ಇಬ್ಬರು ಹೋದರು, ಒಬ್ಬರು ಸರಪಳಿ ಕೋಣೆಗೆ ಇಳಿದರು. ಮುಚ್ಚಿದ ಕೋಣೆಯಲ್ಲಿ ತುಕ್ಕು ಆಮ್ಲಜನಕವನ್ನೆಲ್ಲ ತಿಂದು ಮುಗಿಸಿತ್ತು. ಇಳಿದವರು ಕುಸಿದರು. ಬಹುಶಃ ಅವರಿಗೆ ನೆರವಾಗಲೆಂದು ಇನ್ನೊಬ್ಬರೂ ಇಳಿದು ಕುಸಿದರು. ಅವರನ್ನು ಎತ್ತಲು ಮೂರನೆಯವರು ಇಳಿದರು. ಅವರು ಹಾಕಿಕೊಂಡದ್ದು ಅವಘಡದಲ್ಲಿ ತಪ್ಪಿಸಿಕೊಂಡು ಹೊರಬರಲು ಕೊಡುವ ಉಸಿರಾಟದ ಚೀಲವನ್ನು. ಅದು ಒಳಗೆ ಹೋಗಲು ಮಾಡಿದ್ದಲ್ಲ. ಮೂವರೂ ಉಳಿಯಲಿಲ್ಲ.

ಏಣಿಯ ವಿಷಯಕ್ಕೇ ಬರುವುದಾದರೆ ನಾನು ಮರೆಯಲಾರದ ಪ್ರಕರಣ 'ಸಂಟಿಸ್' ಎಂಬ ಹಡಗಿನದ್ದು. ಇಂಗ್ಲೆಂಡಿನ ಗೂಲ್ ಬಂದರು, 2014ರ ಮೇ 26ರ ಬೆಳಗು. ಸೀಳಿದ ಮರ ತಂದಿದ್ದ ಹಡಗು. ಮುಂಭಾಗದಲ್ಲಿ ಹೋಲ್ಡಿಗೆ ಇಳಿಯುವ ಏಣಿಯ ಕೋಣೆಯಲ್ಲಿ ಮೂವರು ಸಿಬ್ಬಂದಿ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಮೇಲೆತ್ತಿ ಎಷ್ಟು ಪ್ರಯತ್ನಿಸಿದರೂ ಬದುಕಲಿಲ್ಲ. ಆಮೇಲೆ ಅಲ್ಲಿನ ಗಾಳಿಯನ್ನು ಅಳೆದಾಗ ಡೆಕ್ಕಿನ ಮಟ್ಟದಲ್ಲಿ ಆಮ್ಲಜನಕ 20.9%, ಅಂದರೆ ನಾವು ನೀವು ಉಸಿರಾಡುವ ಗಾಳಿಯೇ. ಮುಚ್ಚಳದ ಬಾಯಿಂದ ಸ್ವಲ್ಪ ಕೆಳಗೆ 10%. ಏಣಿಯ ಬುಡದಲ್ಲಿ 5ರಿಂದ 6%. ಒಂದೇ ಏಣಿ, ಮೇಲಿನ ಮೆಟ್ಟಿಲಲ್ಲಿ ಜೀವ, ಕೆಳಗಿನ ಮೆಟ್ಟಿಲಲ್ಲಿ ಸಾವು. ಮುಚ್ಚಳದ ಬಳಿ ನಿಂತು ಯಂತ್ರ ಹಿಡಿದು ಅಳೆದರೆ ಅದು "ಸರಿಯಿದೆ" ಎಂದೇ ಹೇಳುತ್ತದೆ.

"ಉಸಿರು ಕಟ್ಟಿದರೆ ಗೊತ್ತಾಗುವುದಿಲ್ಲವೇ, ಮೇಲೆ ಹತ್ತಬಾರದೇ?" ಎಂದು ನೀವು ಕೇಳಿಲ್ಲ, ಆದರೆ ನನ್ನ ಮನಸ್ಸಿಗೆ ಮೊದಲು ಬಂದದ್ದು ಇದೇ. ಗೊತ್ತಾಗುವುದಿಲ್ಲ. ಬಾವಿಯಲ್ಲಿ ಮುಳುಗು ಹಾಕಿದಾಗ ಎದೆ ಒದ್ದಾಡುವುದು ಮುಖ್ಯವಾಗಿ ಮೈಯೊಳಗೆ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುವುದರಿಂದ. ಆಮ್ಲಜನಕವಿಲ್ಲದ ಗಾಳಿಯಲ್ಲಿ ಉಸಿರು ಸರಾಗವಾಗಿ ಒಳಗೆ ಹೋಗಿ ಹೊರಗೆ ಬರುತ್ತಿರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗುತ್ತಲೇ ಇರುತ್ತದೆ. ಆದ್ದರಿಂದ ಒದ್ದಾಟವೇ ಇಲ್ಲ. 5-6% ಇರುವಲ್ಲಿ ಕೆಲವು ಉಸಿರುಗಳಲ್ಲೇ ಕೈ ಸಡಿಲುತ್ತದೆ, ಪ್ರಜ್ಞೆ ಹೋಗುತ್ತದೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ನಿಮ್ಮ ಕಡೆಯವರಿಗೆ ಇದು ಹೊಸ ವಿಷಯವಲ್ಲ ಎಂಬುದು ಬರೆಯುತ್ತಾ ಹೋದಂತೆ ಹೊಳೆಯಿತು. ಹಗೇವು! ನೆಲದೊಳಗೆ ಜೋಳ ತುಂಬಿಟ್ಟ ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಕಲ್ಲು ಸರಿಸಿ, ಗಾಳಿಯಾಡಲು ಬಿಟ್ಟು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಆಳು ಇಳಿಯುವಂತಿಲ್ಲ. ಜೋಳದ ಕಾಳೂ ಉಸಿರಾಡುತ್ತದೆ, ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹಡಗಿನ ಹೋಲ್ಡು ಎಂದರೆ ಉಕ್ಕಿನ ಹಗೇವು ಎಂದುಕೊಂಡರೆ ನಿಮ್ಮ ಅಳಿಯನ ಮಾತು ಅರ್ಧ ಅರ್ಥವಾದಂತೆ. ಆದರೆ ಕಂದೀಲಿನ ಉಪಾಯ ಹಡಗಿಗೆ ಒಗ್ಗದು. ಬತ್ತಿ ಆರುವುದು ಆಮ್ಲಜನಕ ಸುಮಾರು 16%ಗೆ ಇಳಿದ ಮೇಲೆ, ಅಷ್ಟು ಹೊತ್ತಿಗೆ ಮನುಷ್ಯನ ವಿವೇಚನೆಯೂ ಮಂಕಾಗಿರುತ್ತದೆ. ವಿಷಾನಿಲವನ್ನು ಅದು ತೋರಿಸುವುದಿಲ್ಲ. ಕಲ್ಲಿದ್ದಲಿನ ಮೀಥೇನ್ ಇದ್ದಲ್ಲಿ ದೀಪ ಇಳಿಬಿಟ್ಟರಂತೂ ಹಡಗೇ ಸಿಡಿದೀತು.

ಹಾಗಾದರೆ ಗೂಡಿಗೆ ಗಾಳಿ ತುಂಬಿಸುವುದು ಹೇಗೆ? ಮುಚ್ಚಳ ತೆಗೆದಿಟ್ಟರೆ ಸಾಲದು ಎಂದಾಯಿತು. ಒಂದೇ ಬಾಯಿಯ ಕೊಡದೊಳಗೆ ಗಾಳಿ ತಾನಾಗಿ ಬದಲಾಗುವುದಿಲ್ಲ. ಬ್ಲೋವರ್ ಇಟ್ಟು, ಅದರ ದೊಡ್ಡ ಮೆತು ಕೊಳವೆಯನ್ನು ಏಣಿಯ ಬುಡದವರೆಗೆ ಇಳಿಬಿಟ್ಟು ಹೊಸ ಗಾಳಿ ಊದಬೇಕು. ಹಳೆಯ ಗಾಳಿ ಮೇಲಿನ ಬಾಯಿಂದ ಹೊರಬೀಳುತ್ತದೆ. ಆಗ ಅದೇ ಬಾಯಿಯ ಬಳಿ ಬಗ್ಗಿ ನೋಡುತ್ತ ನಿಲ್ಲುವುದೂ ಅಪಾಯ.

ಎಷ್ಟು ಹೊತ್ತು ಊದಬೇಕು? ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ, ನೀವು ಮಾಸ್ತರರು, ಬೇಸರಿಸಲಾರಿರಿ. ಗೂಡಿನಲ್ಲಿ 40 ಘನ ಮೀಟರ್ ಜಾಗವಿದೆ, ಬ್ಲೋವರ್ ಗಂಟೆಗೆ 1,200 ಘನ ಮೀಟರ್ ಊದುತ್ತದೆ ಎನ್ನಿ. ಎರಡು ನಿಮಿಷಕ್ಕೆ 40 ಘನ ಮೀಟರ್ ಹೊಸ ಗಾಳಿ ಒಳಗೆ ಹೋಯಿತು. ಎಲ್ಲ ಬದಲಾಯಿತೇ? ಇಲ್ಲ. ಹೊಸದು ಹಳೆಯದರೊಂದಿಗೆ ಬೆರೆಯುತ್ತದೆ, ಹೊರಗೆ ಹೋಗುವುದೂ ಬೆರಕೆಯೇ. ಪೂರಾ ಚೆನ್ನಾಗಿ ಬೆರೆತರೂ ಹಳೆಯ ಗಾಳಿ 37% ಒಳಗೇ ಉಳಿಯುತ್ತದೆ. ಮೊದಲು ಆಮ್ಲಜನಕ 5% ಇದ್ದರೆ ಎರಡು ನಿಮಿಷಕ್ಕೆ 15, ನಾಲ್ಕಕ್ಕೆ 18.7, ಆರಕ್ಕೆ 20.1, ಹತ್ತಕ್ಕೆ 20.8. ಇದು ಕಾಗದದ ಲೆಕ್ಕ. ಏಣಿಯ ಕಟ್ಟೆಗಳ ಅಡಿ, ಮೂಲೆಗಳಲ್ಲಿ ಗಾಳಿ ಬೆರೆಯುವುದೇ ಇಲ್ಲ. ಕಿಂಡಿಗಳ ಆಚೆ ಕೂತ ಕಲ್ಲಿದ್ದಲು ಆಮ್ಲಜನಕ ತಿನ್ನುವುದನ್ನು ನಿಲ್ಲಿಸಿರುವುದೂ ಇಲ್ಲ. ಆದ್ದರಿಂದ ಒಳಗೆ ಮನುಷ್ಯ ಇರುವಷ್ಟು ಹೊತ್ತೂ ಬ್ಲೋವರ್ ಓಡುತ್ತಿರಬೇಕು, ನಡುನಡುವೆ ಅಳೆಯುತ್ತಿರಬೇಕು. ಗಡಿಯಾರ ನೋಡಿ ಇಳಿಯುವ ಹಾಗಿಲ್ಲ.

ಅಳೆಯುವ ಯಂತ್ರದ ಬಗ್ಗೆ ಕಾನೂನು ತಡವಾಗಿಯೇ ಬಂತು. ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಸೋಲಾಸ್, ಅಂದರೆ ಸಮುದ್ರದಲ್ಲಿ ಜೀವರಕ್ಷಣೆಯ, ಒಪ್ಪಂದದ ಪ್ರಕಾರ 2016ರ ಜುಲೈ 1ರಿಂದ ಆ ಒಪ್ಪಂದಕ್ಕೆ ಒಳಪಟ್ಟ ಹಡಗುಗಳಲ್ಲಿ ಆಮ್ಲಜನಕ, ಉರಿಯುವ ಅನಿಲ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮಾನಾಕ್ಸೈಡ್ ಈ ನಾಲ್ಕನ್ನೂ ಅಳೆಯುವ ಕೈಯಂತ್ರ ಇರಲೇಬೇಕು. ಹೊರಗೆ ನಿಂತೇ ಉದ್ದನೆಯ ಕೊಳವೆ ಇಳಿಬಿಟ್ಟು ಮೇಲೆ, ನಡುವೆ, ಬುಡದಲ್ಲಿ ಬೇರೆಬೇರೆಯಾಗಿ ಗಾಳಿ ಎಳೆದು ನೋಡಬೇಕು. ಯಂತ್ರ ಇದ್ದೂ ಕೊಳವೆ ಪೆಟ್ಟಿಗೆಯಲ್ಲೇ ಉಳಿದರೆ ಸಂಟಿಸ್‌ನ ಲೆಕ್ಕವೇ ಮತ್ತೆ: ಮೇಲೆ 20.9.

2015ರ ಜನವರಿ 1ರಿಂದ ಇನ್ನೊಂದು ನಿಯಮವೂ ಇದೆ. ಇಂಥ ಜಾಗಕ್ಕೆ ಇಳಿಯುವ ಮತ್ತು ಬಿದ್ದವರನ್ನು ಎತ್ತುವ ಕವಾಯತನ್ನು ಎರಡು ತಿಂಗಳಿಗೊಮ್ಮೆ ಮಾಡಬೇಕು. ಎತ್ತುವ ಕವಾಯತು ಯಾಕೆಂದರೆ, ಇಂಥ ಅವಘಡಗಳಲ್ಲಿ ಎರಡನೆಯ, ಮೂರನೆಯ ಹೆಣ ಬಹಳ ಸಲ ಕಾಪಾಡಲು ಹೋದವರದ್ದು. ಇದನ್ನು ತಿಳಿಯಲು ಉತ್ತರ ಸಮುದ್ರಕ್ಕೆ ಹೋಗಬೇಕಿಲ್ಲ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜಪೆ ಬಳಿಯ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕಿನಲ್ಲಿ ಒಬ್ಬರು ಕುಸಿದರು. ಅವರನ್ನು ಎತ್ತಲು ಜೊತೆಗಾರರು ಇಳಿದರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಐವರು ಪ್ರಾಣ ಬಿಟ್ಟರು. ಕಣ್ಣೆದುರು ಜೊತೆಗಾರ ಬಿದ್ದಾಗ ಕಾಲು ತಾನಾಗಿ ಏಣಿಗೆ ಹೋಗುತ್ತದೆ. ಆ ಕಾಲನ್ನು ತಡೆದು ಮೊದಲು ಕೂಗು ಹಾಕಿಸಬೇಕು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಸಬೇಕು. ಅದಕ್ಕೇ ಅಷ್ಟು ಸಲ ಅಭ್ಯಾಸ. ನಿಮ್ಮ ಅಳಿಯ ಕೆಡೆಟ್ ಎಂದಿರಿ. ಹಿರಿಯರು "ಇಳಿ" ಎಂದಾಗ "ಅಳೆದಿದ್ದೀರಾ ಸರ್?" ಎಂದು ಕೇಳುವುದು ಅವನ ವಯಸ್ಸಿಗೆ ಎಷ್ಟು ಕಷ್ಟ ಎಂಬುದು ನನಗೆ ಗೊತ್ತು. ಇಳಿಯಲು ಅನುಮತಿ ಚೀಟಿ ಬರೆಯಬೇಕೆಂಬ ಪದ್ಧತಿ ಇರುವುದು ಆ ಪ್ರಶ್ನೆಯನ್ನು ಅವನ ಬದಲು ಕಾಗದವೇ ಕೇಳಲಿ ಎಂದು.

ಇನ್ನು ಹಡಗು ಹತ್ತುವ ಏಣಿಯ ಬಳಿಯ ಹೊಗೆ. ಧಕ್ಕೆಯಲ್ಲಿ ಕಟ್ಟಿದ ಹಡಗಿನಲ್ಲೂ ವಿದ್ಯುತ್ತಿಗಾಗಿ ಜನರೇಟರುಗಳು ಓಡುತ್ತಿರುತ್ತವೆ, ಗಾಳಿ ಕೆಳಮುಖವಾಗಿ ಬೀಸಿದಾಗ ಚಿಮಣಿಯ ಹೊಗೆ ಹತ್ತುವ ಏಣಿಯ, ಅಂದರೆ ಗ್ಯಾಂಗ್‌ವೇ ಮೇಲೆ ಇಳಿಯುತ್ತದೆ. 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ 3.50%ರಿಂದ 0.50%ಗೆ ಇಳಿದಿದೆ. ಕಣ್ಣುರಿ ಕೆಮ್ಮು ಕಡಿಮೆಯಾದರೂ ಹೊಗೆ ಹೊಗೆಯೇ, ದಿನಾ ಕುಡಿದರೆ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಆದರೆ ಅದು ಕಾಣುತ್ತದೆ, ಮೂಗಿಗೆ ಬಡಿಯುತ್ತದೆ, ಮನುಷ್ಯ ಸರಿದು ನಿಲ್ಲುತ್ತಾನೆ. ಹೊರಗಿನ ಏಣಿಯ ಹೊಗೆಗೆ ಬೈಯುತ್ತ ಹತ್ತಿದವನೇ ಒಳಗಿನ ಏಣಿಯಲ್ಲಿ ಏನೂ ಅನ್ನಿಸದೆ ಇಳಿಯುತ್ತಾನೆ. ನನಗೆ ಹೆದರಿಕೆ ಎರಡನೆಯದರದ್ದು.

ಕಳೆದ ಸಂಚಿಕೆಯ ಪ್ರತಿ ಇಟ್ಟುಕೊಂಡವರು ಆ ವಾಕ್ಯವನ್ನು ಹೊಡೆದುಹಾಕಿ, ಅದರ ಜಾಗದಲ್ಲಿ ಇದನ್ನು ಬರೆದುಕೊಳ್ಳಬೇಕು: "ಹ್ಯಾಚ್ ಮುಚ್ಚಳ ಸರಿಸಿದ ಮೇಲೂ ಏಣಿಯ ಗೂಡಿನಲ್ಲಿ ಕೆಟ್ಟ ಗಾಳಿ ಉಳಿದಿರಬಹುದು. ಬುಡದವರೆಗೆ ಗಾಳಿ ಊದಿ, ಮೇಲೆ, ನಡುವೆ, ಬುಡದಲ್ಲಿ ಅಳೆದು, ಅನುಮತಿ ಚೀಟಿ ಬರೆದ ಬಳಿಕವೇ ಕೆಲಸಗಾರರು ಇಳಿಯುತ್ತಾರೆ." ಸಾಲು ಉದ್ದವಾಯಿತು. ಇರಲಿ.

— ಸಂಪಾದಕ