42 ಗಂಟೆ ತರಗತಿ ಮುಗಿಸಿದರೂ ಕ್ಯಾಲಿಫೋರ್ನಿಯಾ ಪಿಸಿಎ (ಕೃಷಿ ಕೀಟ ನಿಯಂತ್ರಣ ಸಲಹೆಗಾರ) ಲೈಸೆನ್ಸ್ ನವೀಕರಣ ಯಾಕೆ ನಿಂತಿದೆ?

ಬಹುಶಃ ಕಾನೂನು-ನಿಯಮಗಳ ಗಂಟೆಗಳು ಕಡಿಮೆ ಬಿದ್ದಿವೆ. ಎರಡು ವರ್ಷಕ್ಕೆ ಬೇಕಾದ 40 ಗಂಟೆಯಲ್ಲಿ ಕನಿಷ್ಠ 4 ಗಂಟೆ ಆ ವಿಷಯದ್ದೇ ಆಗಿರಬೇಕು. ಕೀಟ, ಕಳೆ, ರೋಗದ ತರಗತಿ ಎಷ್ಟೇ ಹೆಚ್ಚು ಕೇಳಿದರೂ ಅದರ ಲೆಕ್ಕಕ್ಕೆ ಬರುವುದಿಲ್ಲ. ನನಗೂ ಒಮ್ಮೆ ಹೀಗೇ ಆಗಿತ್ತು, ಡಿಸೆಂಬರ್‌ನಲ್ಲಿ ಓಡಾಡಿ ಸುಸ್ತಾಗಿದ್ದೆ.

ಮೊದಲು ಎಲ್ಲ ಸರ್ಟಿಫಿಕೇಟ್ ಹರಡಿಕೊಂಡು ಕಾನೂನಿನ ಗಂಟೆಗಳನ್ನು ಬೇರೆಯಾಗಿ ಕೂಡಿಸಿ. ಆಮೇಲೆ ಪ್ರತಿಯೊಂದು ಕೋರ್ಸ್‌ಗೂ ರಾಜ್ಯದ ಕೀಟನಾಶಕ ನಿಯಂತ್ರಣ ಇಲಾಖೆಯ (ಡಿಪಿಆರ್) ಅನುಮೋದನೆ ಇದೆಯೇ ನೋಡಿ. ಕಂಪನಿಗಳ ಉತ್ಪನ್ನ ಪರಿಚಯ ಸಭೆಗಳಿಗೆ ಎಷ್ಟೋ ಸಲ ಇರುವುದಿಲ್ಲ. ನಿಮ್ಮದರಲ್ಲಿ ಅಂಥದ್ದು ಇದೆಯೋ ಇಲ್ಲವೋ, ಸರ್ಟಿಫಿಕೇಟ್ ನೋಡದೆ ಹೇಳಲಾರೆ.

ಕೊರತೆ ಕಂಡರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಐಪಿಎಂ (ಸಮಗ್ರ ಕೀಟ ನಿರ್ವಹಣೆ) ವಿಭಾಗದ ಆನ್‌ಲೈನ್ ಕೋರ್ಸ್‌ಗಳಲ್ಲಿ ಕಾನೂನಿನದ್ದನ್ನು ಆರಿಸಿ ಡಿಸೆಂಬರ್ 31ರೊಳಗೆ ಮುಗಿಸಿ. ದಯವಿಟ್ಟು ತಡಮಾಡಬೇಡಿ: ಗಂಟೆ ಪೂರೈಸದೆ ಅವಧಿ ಮುಗಿದರೆ ಮತ್ತೆ ಪರೀಕ್ಷೆ ಬರೆಯಬೇಕಾಗುತ್ತದೆ.