ಎರಡು ಸಿಸೇರಿಯನ್ ಆದಮೇಲೆ ಜೋತುಬಿದ್ದ ಹೊಟ್ಟೆ: ಟಮ್ಮಿ ಟಕ್ ಮಾಡಿಸಬೇಕಾ?

ಎರಡು ಸಿಸೇರಿಯನ್ ಆಗಿದೆ, ತೂಕ ಇಳಿಸಿದ್ದೀರಿ, ಆದರೂ ಹೊಟ್ಟೆ ಮಾತ್ರ ಹಾಗೇ ಇದೆ, ಟಮ್ಮಿ ಟಕ್, ಅಂದರೆ ಹೊಟ್ಟೆಯ ಜೋತುಬಿದ್ದ ಚರ್ಮ ತೆಗೆಯೋ ಆಪರೇಷನ್, ಮಾಡಿಸಲಾ ಬೇಡವಾ ಅಂತ ಕೇಳಿದ್ದೀರಿ. ಮನೆಯವರು ಬೇಡ ಅಂತಿದ್ದಾರೆ ಅಂತಲೂ ಬರೆದಿದ್ದೀರಿ. ನಾನು ಮಾಡಿಸಿಕೊಂಡವಳು. ಮದುವೆ ಮನೆಗೆ ಹೋದಾಗ "ಏನಮ್ಮಾ, ಮತ್ತೆ ವಿಶೇಷಾನಾ?" ಅಂತ ಕೇಳಿಸಿಕೊಳ್ಳೋ ಸಂಕಟ ನನಗೆ ಚೆನ್ನಾಗಿ ಗೊತ್ತು.

ಮೊದಲು ಹೊಟ್ಟೆ ಯಾವುದರಿಂದ ಮುಂದೆ ಬಂದಿದೆ ಅಂತ ತಿಳಿದುಕೊಳ್ಳಿ. ಬಸುರಿಯಾದಾಗ ಹೊಟ್ಟೆಯ ನಡುವಿನ ಎರಡು ಉದ್ದನೆಯ ಸ್ನಾಯುಗಳು ಆಚೀಚೆ ಸರಿಯುತ್ತವೆ. ಕೆಲವರಲ್ಲಿ ಅವು ಮತ್ತೆ ಹತ್ತಿರ ಬರುವುದೇ ಇಲ್ಲ. ಡಾಕ್ಟರು ಇದನ್ನು ಡಯಾಸ್ಟಾಸಿಸ್ ಅಂತಾರೆ. ಮನೆಯಲ್ಲೇ ನೋಡಿಕೊಳ್ಳಬಹುದು. ಅಂಗಾತ ಮಲಗಿ, ಮಂಡಿ ಮಡಚಿ, ಹೊಕ್ಕುಳಿನ ಮೇಲೆ ಬೆರಳುಗಳನ್ನು ಅಡ್ಡಲಾಗಿ ಒತ್ತಿ ಹಿಡಿದು ತಲೆ ಸ್ವಲ್ಪ ಎತ್ತಿ. ಎರಡು ಬೆರಳಿಗಿಂತ ಜಾಸ್ತಿ ಜಾಗ ಸಿಕ್ಕರೆ ಸ್ನಾಯು ಬಿಟ್ಟುಕೊಂಡಿರಬಹುದು. ಹಾಗಿದ್ದರೆ ಸರ್ಜನ್ ಹತ್ತಿರ ಹೋಗೋದಕ್ಕೂ ಮುಂಚೆ ಫಿಸಿಯೋಥೆರಪಿಸ್ಟ್‌ ಒಬ್ಬರನ್ನು ಕಾಣಿ. ಎಷ್ಟೋ ಜನರಿಗೆ ಸರಿಯಾದ ವ್ಯಾಯಾಮದಿಂದಲೇ ಸುಧಾರಿಸುತ್ತದೆ. ನನಗೂ ಬೆನ್ನುನೋವು ಅದರಿಂದಲೇ ಕಡಿಮೆಯಾಯಿತು. ಚರ್ಮ ಮಾತ್ರ ಹಾಗೇ ಉಳಿಯಿತು. ಅಷ್ಟೊಂದು ಹಿಗ್ಗಿ ಮಡಿಕೆ ಬಿದ್ದ ಚರ್ಮ ಯಾವ ವ್ಯಾಯಾಮಕ್ಕೂ ಬಗ್ಗುವುದಿಲ್ಲ.

ಟಮ್ಮಿ ಟಕ್ ಮಾಡೋದು ಎರಡೇ ಕೆಲಸ. ಹೆಚ್ಚಾದ ಚರ್ಮವನ್ನು, ಅದಕ್ಕೆ ಅಂಟಿದ ಕೊಬ್ಬಿನ ಸಮೇತ ತೆಗೆಯುತ್ತಾರೆ. ಬಿಟ್ಟುಕೊಂಡ ಸ್ನಾಯುಗಳನ್ನು ಎಳೆದು ಹೊಲಿಯುತ್ತಾರೆ. ಲೈಪೋಸಕ್ಷನ್ ಬೇರೆ, ಅದು ಬರೀ ಕೊಬ್ಬು ಹೀರುತ್ತದೆ, ಚರ್ಮ ಬಿಗಿ ಮಾಡುವುದಿಲ್ಲ. ಹೊಟ್ಟೆ ತಮಟೆ ಹಾಗೆ ಗಟ್ಟಿಯಾಗಿದ್ದರೆ ಕೊಬ್ಬು ಒಳಗೆ, ಕರುಳಿನ ಸುತ್ತ ಇರುತ್ತದೆ. ಅಲ್ಲಿಗೆ ಈ ಎರಡೂ ಕೈ ಹಾಕೋದಿಲ್ಲ.

ಇನ್ನು ಚೇತರಿಕೆ. ಸರ್ಜನ್ ಹತ್ತಿರ ಇದರ ಬಗ್ಗೆ ಜಾಸ್ತಿ ಕೇಳಿ. ಮೊದಲ ವಾರ ನೆಟ್ಟಗೆ ನಿಲ್ಲೋಕೆ ಆಗಲಿಲ್ಲ, ಸೊಂಟ ಬಗ್ಗಿಸಿಯೇ ಓಡಾಡಿದೆ. ಮಂಡಿ ಕೆಳಗೆ ದಿಂಬು ಇಟ್ಟು ಅಂಗಾತ ಮಲಗಬೇಕು. ಕೆಮ್ಮು ಬಂದರೆ ಹೊಟ್ಟೆ ಹಿಡಿದುಕೊಂಡು ಕೆಮ್ಮಬೇಕು. ಗಾಯದೊಳಗಿನ ನೀರು ಇಳಿಯೋಕೆ ಸಣ್ಣ ಕೊಳವೆ ಹಾಕಿರುತ್ತಾರೆ, ತುದಿಯಲ್ಲೊಂದು ಪುಟ್ಟ ಬಾಟಲಿ. ಅದನ್ನು ನೈಟಿಗೆ ಪಿನ್ ಹಾಕಿ ಸಿಕ್ಕಿಸಿಕೊಂಡು, ದಿನಾ ಎಷ್ಟು ಎಂ.ಎಲ್. ಬಂತು ಅಂತ ನನ್ನ ಅಮ್ಮ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಬರೆದಿಡುತ್ತಿದ್ದರು. ಹೊಟ್ಟೆಗೆ ಬಿಗಿ ಬೆಲ್ಟನ್ನು ಸುಮಾರು 6 ವಾರ ಹಾಕಬೇಕು. ಅಷ್ಟು ದಿನ ನೀರಿನ ಬಕೆಟ್, ಕುಕ್ಕರ್, ಮಗು, ಏನನ್ನೂ ಎತ್ತೋ ಹಾಗಿಲ್ಲ. ಕೂರುವ ಟಾಯ್ಲೆಟ್ ಇಲ್ಲದ ಮನೆಯಾದರೆ ಅದಕ್ಕೊಂದು ವ್ಯವಸ್ಥೆ ಬೇಕು. ಚಿಕ್ಕ ಮಗು "ಅಮ್ಮಾ ಎತ್ಕೋ" ಅಂತ ಕೈ ಚಾಚಿದಾಗ ಬೇಡ ಅನ್ನೋದು ನೋವಿಗಿಂತ ಕಷ್ಟ. ಮನೆಯಲ್ಲಿ ಕೆಲಸ ಹೊರೋಕೆ ಯಾರಿದ್ದಾರೆ ಅಂತ ಹೆಸರು ಹಿಡಿದು ಹೇಳೋಕೆ ಆಗದಿದ್ದರೆ ಡೇಟ್ ತಗೋಬೇಡಿ.

ಗಾಯದ ಗೆರೆ ಸೊಂಟದ ಈ ತುದಿಯಿಂದ ಆ ತುದಿವರೆಗೂ ಇರುತ್ತದೆ. ಕ್ರಮೇಣ ಮಾಸುತ್ತದೆ, ಅಳಿಸಿಹೋಗುವುದಿಲ್ಲ. ಹೊಕ್ಕುಳಿನ ಕೆಳಗೆ ಬಹಳ ದಿನ ಜೋಮು ಇರುತ್ತದೆ. ಗಾಯದಡಿ ನೀರು ತುಂಬೋದು, ಸೋಂಕು, ಇವೂ ಆಗಬಹುದು. ಅಪರೂಪವಾದರೂ ನಿಜವಾಗಿ ಭಯಪಡಬೇಕಾದ್ದು ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗೋದು. ನಿಮಗೆ ಅಥವಾ ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದರೆ, ಶುಗರ್ ಇದ್ದರೆ, ಹಾರ್ಮೋನ್ ಮಾತ್ರೆ ತಗೋತಿದ್ದರೆ, ಸಿಗರೇಟು ಅಭ್ಯಾಸ ಇದ್ದರೆ ಮುಚ್ಚಿಡಬೇಡಿ.

ಜಾಗದ ವಿಷಯದಲ್ಲಿ ರಾಜಿ ಬೇಡ. 2022ರ ಮೇನಲ್ಲಿ ಬೆಂಗಳೂರಿನಲ್ಲಿ ಕಿರುತೆರೆಯ ನಟಿಯೊಬ್ಬರು ಕೊಬ್ಬು ತೆಗೆಸೋ ಸರ್ಜರಿಗೆ ಹೋಗಿ ತೀರಿಕೊಂಡರು, ಬರೀ 21 ವಯಸ್ಸು. ಆ ಸುದ್ದಿ ನನ್ನ ಮನಸ್ಸಿನಿಂದ ಹೋಗಿಲ್ಲ. ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲೇ ಎಂ.ಸಿಎಚ್. ಅಥವಾ ಡಿ.ಎನ್‌.ಬಿ. ಅನ್ನೋ ತಜ್ಞರ ಪದವಿ ಮಾಡಿದವರಾ ಅಂತ ನೋಡಿ. ಅರಿವಳಿಕೆ ಡಾಕ್ಟರು ಯಾರು, ಐಸಿಯು ಅದೇ ಕಟ್ಟಡದಲ್ಲಿದೆಯಾ ಅಂತ ಕೇಳಿ. ಕರ್ನಾಟಕದಲ್ಲಾದರೆ ಕೆ.ಪಿ.ಎಂ.ಇ. (ಖಾಸಗಿ ಆಸ್ಪತ್ರೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆ ಮೇಲೆ ಕಾಣಬೇಕು. "ಇವತ್ತೇ ಬುಕ್ ಮಾಡಿದರೆ ಡಿಸ್ಕೌಂಟ್" ಅಂದರೆ ಎದ್ದು ಬನ್ನಿ. ಖರ್ಚೆಲ್ಲಾ ಸಾಮಾನ್ಯವಾಗಿ ಕೈಯಿಂದಲೇ, ಅಂದಕ್ಕೆ ಮಾಡಿಸೋ ಸರ್ಜರಿಗೆ ವಿಮೆ ಕೊಡೋದಿಲ್ಲ. ಹರ್ನಿಯಾ ಇದ್ದರೆ ಅದರ ಭಾಗಕ್ಕೆ ಸಿಗುತ್ತದಾ ಅಂತ ಮೊದಲೇ ವಿಚಾರಿಸಿ.

ಮನೆಯವರ ಮಾತಿಗೆ ಬಂದರೆ, ಅಂದಕ್ಕೋಸ್ಕರ ಮಾಡಿಸಿದರೂ ತಪ್ಪೇನಿಲ್ಲ, ದೇಹ ನಿಮ್ಮದು. ಆದರೆ ಅವರ ಭಯ ಯಾವುದರ ಬಗ್ಗೆ ಅಂತ ಕೇಳಿ, ಸರ್ಜನ್ ಹತ್ತಿರ ಒಮ್ಮೆ ಜೊತೆಗೇ ಕರೆದುಕೊಂಡು ಹೋಗಿ. ನಮ್ಮವರು ಅಲ್ಲಿ ಕೂತು ಕೇಳಿದ ಮೇಲೇ ಒಪ್ಪಿದ್ದು.

ಎರಡು ವಿಷಯ ನೀವು ಬರೆದಿಲ್ಲ. ತೂಕ 6 ತಿಂಗಳಿಂದ ಒಂದೇ ಕಡೆ ನಿಂತಿದೆಯಾ? ಮೂರನೇ ಮಗುವಿನ ಯೋಚನೆ ಇದೆಯಾ? ಇದ್ದರೆ ಈಗ ಬೇಡವೇ ಬೇಡ, ಹೊಲಿದ ಸ್ನಾಯು, ಚರ್ಮ ಎರಡೂ ಮತ್ತೆ ಹಿಗ್ಗುತ್ತವೆ. ಕಿರಿಯ ಮಗು ಇನ್ನೂ ಎದೆಹಾಲು ಕುಡಿಯುತ್ತಿದ್ದರೂ ಅಷ್ಟೇ, ಬಿಡಿಸಿ ಕೆಲವು ತಿಂಗಳು ಕಾಯಿರಿ.