ಸೆಕೆಂಡು ಎಣಿಸಿ ಕಣ್ಣನ್ನು ಅಳೆಯಬೇಡಿ

ಓದುಗರೊಬ್ಬರ ಪತ್ರ: ‘ನಿಮ್ಮ “ಚಿತ್ರದಲ್ಲಿ ಹುಡುಕಿ” ಪುಟಕ್ಕೆ ಸಮಯದ ಮಿತಿ ಯಾಕಿಲ್ಲ? ಮೊಬೈಲಿಗೆ ಬರುವ ಚಿತ್ರಗಳಲ್ಲಿ “7 ಸೆಕೆಂಡಿನಲ್ಲಿ ಗೂಬೆ ಕಂಡರೆ ನೀವು ಮಹಾ ಬುದ್ಧಿವಂತರು” ಎಂದಿರುತ್ತದೆ. ಮಗನಿಗೆ ತಟ್ಟನೆ ಸಿಕ್ಕಿತು, ನನಗೆ ಸಿಗಲೇ ಇಲ್ಲ. ನನ್ನ ಕಣ್ಣು ಮಂಕಾಯಿತೋ, ಬುದ್ಧಿಯೋ?’

ಸಂಪಾದಕರ ಉತ್ತರ:

ಗೂಬೆ ಸಿಗಲಿಲ್ಲ ಅಂದ ಮಾತ್ರಕ್ಕೆ ನಿಮ್ಮ ಕಣ್ಣನ್ನೂ ಬುದ್ಧಿಯನ್ನೂ ಹಳಿಯಬೇಡಿ. ಮನೆಮಂದಿ ಸೇರಿ ಪೈಪೋಟಿಗೆ ಬಿದ್ದು ಹುಡುಕುವಾಗ ಗಡಿಯಾರ ಇದ್ದರೆ ಮಜಾ ಜಾಸ್ತಿ, ಒಪ್ಪುತ್ತೇನೆ. ಆದರೆ ಅದನ್ನು ಬುದ್ಧಿಯ ಪರೀಕ್ಷೆ ಅನ್ನುವುದು ಶುದ್ಧ ಸುಳ್ಳು.

ಕೈಯನ್ನು ಉದ್ದಕ್ಕೆ ಚಾಚಿ ಹೆಬ್ಬೆರಳು ನಿಲ್ಲಿಸಿ ನೋಡಿ. ಒಂದು ನೋಟಕ್ಕೆ ನಮಗೆ ತೀರಾ ಸ್ಪಷ್ಟವಾಗಿ ಕಾಣುವುದು ಹೆಚ್ಚುಕಡಿಮೆ ಆ ಬೆರಳಿನಷ್ಟು ಅಗಲ ಮಾತ್ರ. ಸುತ್ತಲಿನದೆಲ್ಲ ಮಸುಕು. ಅದಕ್ಕೇ ಕಣ್ಣು ಸೆಕೆಂಡಿಗೆ 3-4 ಸಲ ಅತ್ತಿತ್ತ ಜಿಗಿಯುತ್ತಲೇ ಇರುತ್ತದೆ. 7 ಸೆಕೆಂಡು ಅಂದರೆ ಸುಮಾರು 20-25 ಜಿಗಿತ. ಅದರಲ್ಲೊಂದು ಗೂಬೆಯ ಮೇಲೆ ಬಿತ್ತೋ ಇಲ್ಲವೋ ಅನ್ನುವುದರಲ್ಲಿ ಅದೃಷ್ಟದ ಪಾಲೂ ಇದೆ, ಅಲ್ವಾ?

ಹಸಿರು ಎಲೆಗಳ ನಡುವೆ ಒಂದು ಕೆಂಪು ಹಣ್ಣಿದ್ದರೆ ಅದು ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಎಲೆ ಎಷ್ಟೇ ಹೆಚ್ಚಾದರೂ ಹುಡುಕುವ ಹೊತ್ತು ಅಷ್ಟಾಗಿ ಹೆಚ್ಚುವುದಿಲ್ಲ. ತೊಗಟೆಯ ಬಣ್ಣದ್ದೇ ಗೂಬೆಯಾದರೆ ಒಂದೊಂದೇ ಜಾಗ ತಡಕಬೇಕು. ಈ ವ್ಯತ್ಯಾಸವನ್ನು ಮನೋವಿಜ್ಞಾನಿಗಳಾದ ಆನ್ ಟ್ರೀಸ್ಮನ್ ಮತ್ತು ಗ್ಯಾರಿ ಗೆಲೇಡ್ 1980ರಲ್ಲೇ ವಿವರಿಸಿದ್ದರು. ಅಂದರೆ ಹೊತ್ತು ಹಿಡಿಯುವುದು ಬಹುಪಾಲು ಚಿತ್ರ ಬರೆದವರ ಜಾಣ್ಮೆಯಿಂದ, ನೋಡುವವರ ದಡ್ಡತನದಿಂದಲ್ಲ.

ನುರಿತ ಕಣ್ಣಿಗೂ ಹೀಗೇ ಆಗುತ್ತದೆ. 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 24 ರೇಡಿಯಾಲಜಿಸ್ಟರಿಗೆ (ಸ್ಕ್ಯಾನ್ ನೋಡಿ ರೋಗ ಗುರುತಿಸುವ ವೈದ್ಯರಿಗೆ) ಶ್ವಾಸಕೋಶದ ಸ್ಕ್ಯಾನ್ ಕೊಟ್ಟು ಗಂಟು ಹುಡುಕಲು ಹೇಳಿದ್ದರು. ಕೊನೆಯ ಸ್ಕ್ಯಾನಿನಲ್ಲಿ ಒಂದು ಗೊರಿಲ್ಲಾದ ಚಿತ್ರ ಸೇರಿಸಿದ್ದರು. 20 ಮಂದಿಗೆ ಅದು ಕಾಣಲೇ ಇಲ್ಲ. ಅವರಲ್ಲಿ ಹಲವರ ಕಣ್ಣು ನೇರವಾಗಿ ಅದರ ಮೇಲೇ ಹಾದುಹೋಗಿತ್ತು! ಗಂಟು ಹುಡುಕುವ ಮನಸ್ಸಿಗೆ ಗೊರಿಲ್ಲಾ ಬೇಕಿರಲಿಲ್ಲ, ಅಷ್ಟೇ.

ದೃಷ್ಟಿಭ್ರಮೆಯ ಚಿತ್ರಗಳ ಬಗ್ಗೆಯೂ ಇದೇ ತಪ್ಪು ತಿಳಿವಳಿಕೆ ಇದೆ. ನೋಟದ ಬಗ್ಗೆ ಸಂಶೋಧನೆ ಮಾಡುವ ವಿಜ್ಞಾನಿ ಎಡ್ವರ್ಡ್ ಅಡೆಲ್ಸನ್ 1995ರಲ್ಲಿ ಮಾಡಿದ ಚದುರಂಗದ ಹಾಸಿನ ಚಿತ್ರ ನೆನಪಿಸಿಕೊಳ್ಳಿ. ಒಂದು ಮನೆ ಕಪ್ಪಗೆ ಕಾಣುತ್ತದೆ. ನೆರಳಿನಲ್ಲಿರುವ ಇನ್ನೊಂದು ಬೆಳ್ಳಗೆ ಕಾಣುತ್ತದೆ. ಒಂದು ಕಾಗದಕ್ಕೆ ಎರಡು ತೂತು ಮಾಡಿ, ಆ ಎರಡು ಮನೆ ಮಾತ್ರ ಕಾಣುವಂತೆ ಚಿತ್ರದ ಮೇಲಿಡಿ. ಎರಡೂ ಒಂದೇ ಬೂದು ಬಣ್ಣ. ನೆರಳಿನಿಂದ ಎಷ್ಟು ಕಪ್ಪಾಗಿರಬಹುದು ಎಂದು ಲೆಕ್ಕ ಹಾಕಿ, ಮಿದುಳು ಅಷ್ಟನ್ನು ಕಳೆದು ತೋರಿಸುತ್ತದೆ. ಈ ಲೆಕ್ಕ ಇಲ್ಲದಿದ್ದರೆ ಬಿಸಿಲಿಂದ ನೆರಳಿಗೆ ಒಯ್ದ ಬಿಳಿ ಬಟ್ಟೆ ಬೇರೆ ಬಟ್ಟೆಯಂತೆ ಕಾಣುತ್ತಿತ್ತು. ಮೋಸಹೋದಿರಿ ಅಂದರೆ ನಿಮ್ಮ ನೋಟ ಸರಿಯಾಗಿ ಕೆಲಸ ಮಾಡುತ್ತಿದೆ ಅಂತಲೇ ಅರ್ಥ.

ನಿಜವಾದ ಪರೀಕ್ಷೆ ಬೇಕೆಂದರೆ ಜಪಾನಿನ ಕಣ್ಣಿನ ವೈದ್ಯ ಇಶಿಹಾರಾ ಅವರು 1917ರಲ್ಲಿ ಹೊರತಂದ ಚುಕ್ಕಿಚಿತ್ರಗಳಿವೆ. ಬಣ್ಣದ ಚುಕ್ಕಿಗಳಲ್ಲಿ ಅಡಗಿದ ಅಂಕಿಯನ್ನು ಓದಬೇಕು. ಕೆಂಪು ಹಸಿರಿನ ವ್ಯತ್ಯಾಸ ಗೊತ್ತಾಗುತ್ತದೆಯೇ? ಅವು ಕೇಳುವುದು ಇದೊಂದನ್ನೇ. ನಿಮ್ಮ ಬುದ್ಧಿಗೆ ಅಂಕ ಕೊಡಲು ಬರುವುದಿಲ್ಲ.

ನಿಮ್ಮ ಮೇಲೂ ನನಗೊಂದು ಸಣ್ಣ ಸಿಟ್ಟಿದೆ. 7 ಸೆಕೆಂಡು ಮುಗಿದ ಕೂಡಲೇ ಚಿತ್ರ ಬಿಟ್ಟುಬಿಟ್ಟಿರಲ್ಲ, ಯಾಕೆ? ಸುಮ್ನೆ ಇನ್ನೊಂದಿಷ್ಟು ಹೊತ್ತು ನೋಡಿದ್ದರೆ ತೊಗಟೆಯ ಗೀರುಗಳು, ಎಲೆಯ ನರಗಳು, ಗೂಬೆಯ ರೆಕ್ಕೆಯನ್ನು ಬಿರುಕಿಗೆ ಹೊಂದಿಸಿದ ಬಗೆ ಎಲ್ಲವೂ ಸಿಗುತ್ತಿತ್ತು. ಮಕ್ಕಳ ಆಟಕ್ಕೂ ಅಂಕ, ದೊಡ್ಡವರ ಬಿಡುವಿಗೂ ಅಂಕ. ನೋಡುವುದನ್ನೂ ಓಟದ ಪಂದ್ಯ ಮಾಡಿಬಿಟ್ಟರೆ ಚಿತ್ರ ಬರೆಯುವವರು ಯಾರಿಗಾಗಿ ಬರೆಯಬೇಕು?

ಅವರ ಹೆಸರಾದರೂ ಎಲ್ಲಿರುತ್ತದೆ? ಯಾರೋ ದಿನಗಟ್ಟಲೆ ಕೂತು ಬರೆದ ಚಿತ್ರದಲ್ಲಿ ಸಹಿಯ ಮೂಲೆಯನ್ನು ಕತ್ತರಿಸಿ, ಮೇಲೊಂದು ಗಡಿಯಾರ ಅಂಟಿಸಿ ಹಂಚುತ್ತಾರೆ. ನಮ್ಮ ಪುಟದಲ್ಲಿ ಕಲಾವಿದರ ಹೆಸರು ಚಿತ್ರದ ಕೆಳಗೇ ಇರುತ್ತದೆ, ಸೆಕೆಂಡಿನ ಲೆಕ್ಕ ಇರುವುದಿಲ್ಲ. ಉತ್ತರ ಎಂದಿನಂತೆ ಮುಂದಿನ ಸಂಚಿಕೆಯಲ್ಲಿ.